ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ ಊಟದಲ್ಲಿ ರೇಡಿಯೇಷನ್ ಉಳ್ಕೊಳ್ಳುತ್ತಾ?

"ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ್ರೆ ರೇಡಿಯೇಷನ್ ಊಟಕ್ಕೆ ಸೇರುತ್ತೆ, ಕ್ಯಾನ್ಸರ್ ಬರುತ್ತೆ ಅಂತ ಅಮ್ಮ ಓವನ್ ಮುಟ್ಟೋಕೇ ಬಿಡ್ತಿಲ್ಲ, ಮನೇಲಿ ಐದು ತಿಂಗಳ ಮಗು ಬೇರೆ ಇದೆ, ಅವರು ಹೇಳೋದು ನಿಜಾನಾ" ಅಂತ ಕೇಳಿದೀರಿ. ನಾನು ಹನ್ನೆರಡು ವರ್ಷದಿಂದ ಮನೆ ಸಾಮಾನು ರಿಪೇರಿ ಮಾಡ್ಕೊಂಡು ಬಂದಿರೋನು, ಅದರಲ್ಲಿ ಅರ್ಧಕ್ಕರ್ಧ ಮೈಕ್ರೋವೇವ್‌ಗಳೇ. ಈ ಪ್ರಶ್ನೆ ವಾರಕ್ಕೆ ಒಂದು ಸಲನಾದ್ರೂ ಯಾರಾದ್ರೂ ಕೇಳ್ತಾರೆ. ಊಟದಲ್ಲಿ ರೇಡಿಯೇಷನ್ ಉಳಿಯಲ್ಲ. ಆದ್ರೆ ಮಗುವಿನ ಹಾಲಿನ ವಿಷಯಕ್ಕೆ ಬಂದ್ರೆ ಅಮ್ಮ ಬೇಡ ಅಂತಿರೋದು ಸರಿ, ಕಾರಣ ಮಾತ್ರ ಬೇರೆ. ಎರಡನ್ನೂ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ರೇಡಿಯೇಷನ್ ಅನ್ನೋ ಪದ ಕೇಳಿದ ತಕ್ಷಣ ಎಲ್ಲರಿಗೂ ಎಕ್ಸ್‌ರೇ, ಅಣುಬಾಂಬು ನೆನಪಾಗುತ್ತೆ. ಆದ್ರೆ ಬಲ್ಬಿನ ಬೆಳಕೂ ರೇಡಿಯೇಷನ್ನೇ, ಒಲೆಯ ಕೆಂಡದಿಂದ ಮುಖಕ್ಕೆ ತಾಗೋ ಬಿಸೀನೂ ರೇಡಿಯೇಷನ್ನೇ. ಒಂದು ರೇಡಿಯೇಷನ್ ಜೀವಕೋಶದ ಒಳಗಿನ ಡಿಎನ್‌ಎ ಮುರಿಯುವಷ್ಟು ಜೋರಾಗಿದ್ಯಾ ಇಲ್ವಾ ಅನ್ನೋದು ಮುಖ್ಯ. ಎಕ್ಸ್‌ರೇಗೆ ಆ ತಾಕತ್ತಿದೆ. ಮೈಕ್ರೋವೇವ್ ಓವನ್ ಕೆಲಸ ಮಾಡೋದು 2.45 ಗಿಗಾಹರ್ಟ್ಸ್‌ನಲ್ಲಿ, ಹೆಚ್ಚುಕಮ್ಮಿ ನಿಮ್ಮ ವೈಫೈ ಇರೋ ಜಾಗದಲ್ಲೇ, ಮತ್ತೆ ಅದರ ಒಂದೊಂದು ಫೋಟಾನ್‌ನಲ್ಲಿ, ಅಂದ್ರೆ ಅಲೆ ಹೊತ್ತು ತರೋ ಶಕ್ತಿಯ ಒಂದೊಂದು ಪುಟ್ಟ ಕಂತಿನಲ್ಲಿ, ಇರೋ ಶಕ್ತಿ ಕಣ್ಣಿಗೆ ಕಾಣೋ ಬೆಳಕಿನ ಫೋಟಾನ್‌ಗೆ ಹೋಲಿಸಿದ್ರೆ ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಓವನ್ ಒಳಗೆ ಇಂಥ ಫೋಟಾನ್‌ಗಳು ಲೆಕ್ಕವಿಲ್ಲದಷ್ಟು ಇರ್ತಾವೆ, ಅದಕ್ಕೇ ಊಟ ಬಿಸಿಯಾಗೋದು, ಕೈ ಇಟ್ರೆ ಕೈಯೂ ಸುಡುತ್ತೆ. ಆದ್ರೆ ಅಣುವನ್ನ ಒಡೆಯೋ ಶಕ್ತಿ ಅವುಗಳಿಗೆ ಇಲ್ಲ, ಅಲುಗಾಡಿಸೋ ಶಕ್ತಿ ಮಾತ್ರ ಇದೆ.

ಅಲುಗಾಡಿಸೋದು ಹೇಗೆ ಅಂದ್ರೆ, ನೀರಿನ ಅಣುವಿಗೆ ಒಂದು ಕಡೆ ಸ್ವಲ್ಪ ಪಾಸಿಟಿವ್, ಇನ್ನೊಂದು ಕಡೆ ಸ್ವಲ್ಪ ನೆಗೆಟಿವ್. ಅಲೆ ಬಂದಾಗ ಅದರ ದಿಕ್ಕಿಗೆ ತಿರುಗೋಕೆ ನೋಡುತ್ತೆ, ಅಷ್ಟರಲ್ಲಿ ಅಲೆಯ ದಿಕ್ಕೇ ಬದಲಾಗಿರುತ್ತೆ, ಮತ್ತೆ ತಿರುಗುತ್ತೆ, ಹೀಗೆ ಸೆಕೆಂಡಿಗೆ ಸುಮಾರು 490 ಕೋಟಿ ಸಲ ದಿಕ್ಕು ಬದಲಾಗುತ್ತೆ, ಆ ತಿಕ್ಕಾಟದಲ್ಲೇ ಬಿಸಿ ಹುಟ್ಟೋದು. ಸ್ವಿಚ್ ಆಫ್ ಆದ ಕ್ಷಣ ಅಲೆ ನಿಂತೋಯ್ತು. ಲೈಟ್ ಆರಿಸಿದ ಮೇಲೆ ರೂಮಿನಲ್ಲಿ ಬೆಳಕು ಉಳಿಯಲ್ಲ ಅಲ್ವಾ, ಹಂಗೇ ಇದು. ತಟ್ಟೆಯಲ್ಲಿ ಉಳಿಯೋದು ಬಿಸಿ ಒಂದೇ. ಒಳಗಿಂದ ಹೊರಗೆ ಬೇಯಿಸುತ್ತೆ ಅನ್ನೋದೂ ತಪ್ಪು ಕಲ್ಪನೆ, ಅಲೆಗಳು ಊಟದೊಳಗೆ ಒಂದೆರಡು ಸೆಂಟಿಮೀಟರ್ ಹೋಗೋಷ್ಟರಲ್ಲೇ ಸೊರಗಿ ಹೋಗ್ತಾವೆ, ಮಧ್ಯಕ್ಕೆ ಬಿಸಿ ಮುಟ್ಟೋದು ಅಲ್ಲಿಂದ ನಿಧಾನಕ್ಕೆ ಹರಡ್ಕೊಂಡೇ.

ಇನ್ನು "ಬಾಗಿಲಿಂದ ಲೀಕ್ ಆದ್ರೆ?" ಅನ್ನೋದು. ಇದು ನ್ಯಾಯವಾದ ಪ್ರಶ್ನೆ. ಬಾಗಿಲಿನ ಗಾಜಿನ ಒಳಗೆ ಕಪ್ಪು ಜಾಲರಿ ಇದೆಯಲ್ಲ, ಅದರ ತೂತು ಒಂದೆರಡು ಮಿಲಿಮೀಟರ್, ಅಲೆಯ ಉದ್ದ 12 ಸೆಂಟಿಮೀಟರ್‌ಗೂ ಸ್ವಲ್ಪ ಜಾಸ್ತಿ. ಬೆಳಕಿನ ಅಲೆ ತುಂಬಾ ಚಿಕ್ಕದು, ಆರಾಮಾಗಿ ತೂರ್ಕೊಂಡು ಬರುತ್ತೆ, ಅದಕ್ಕೇ ಒಳಗಿರೋದು ಕಾಣುತ್ತೆ, ಮೈಕ್ರೋವೇವ್‌ಗೆ ಮಾತ್ರ ಆ ಜಾಲರಿ ಗೋಡೆ ಇದ್ದಂಗೆ. ಅಮೆರಿಕದ ಸರ್ಕಾರಿ ಸುರಕ್ಷತಾ ಸಂಸ್ಥೆ ಎಫ್‌ಡಿಎ 1971ರಿಂದ ಇಟ್ಕೊಂಡಿರೋ ಮಿತಿ ಏನಂದ್ರೆ, ಓವನ್‌ನ ಆಯಸ್ಸಿರೋವರೆಗೂ ಅದರ ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರ್‌ಗೆ 5 ಮಿಲಿವಾಟ್ ದಾಟಬಾರದು. ಅರ್ಧ ಮೀಟರ್ ಹಿಂದೆ ನಿಂತ್ರೆ ಅದು ಸುಮಾರು ನೂರನೇ ಒಂದು ಭಾಗಕ್ಕೆ ಇಳಿದಿರುತ್ತೆ. ನನ್ನ ಹತ್ರ ಲೀಕೇಜ್ ಮೀಟರ್ ಇದೆ, ರಿಪೇರಿ ಆದ ಮೇಲೆ ಒಳಗೆ ಒಂದು ಲೋಟ ನೀರಿಟ್ಟು ಓವನ್ ಆನ್ ಮಾಡಿ ಬಾಗಿಲ ಸುತ್ತ ಒಂದು ರೌಂಡ್ ನಿಧಾನಕ್ಕೆ ಹಿಡಿದು ನೋಡ್ದೆ ಯಾವ ಓವನ್ನನ್ನೂ ವಾಪಸ್ ಕೊಡಲ್ಲ.

ಬಾಗಿಲಿನ ಹಿಂದೆ ಇರೋದನ್ನ ಬಿಚ್ಚಿ ನೋಡಿದ್ರೆ ನಿಮ್ಮ ಅರ್ಧ ಭಯ ಹೋಗುತ್ತೆ. ಸಾಮಾನ್ಯವಾಗಿ ಅಲ್ಲಿ ಮೂರು ಚಿಕ್ಕ ಡೋರ್ ಸ್ವಿಚ್ ಇರ್ತಾವೆ, ಬೆರಳಿನ ತುದಿಯಷ್ಟು ಇರೋವು. ಬಾಗಿಲು ತೆಗೆದ್ರೆ ಎರಡು ಸ್ವಿಚ್ ಕರೆಂಟ್ ಕಟ್ ಮಾಡ್ತಾವೆ. ಮೂರನೇದರ ಕೆಲಸವೇ ಬೇರೆ: ಅವೆರಡು ಕೆಟ್ಟು ಅಂಟ್ಕೊಂಡಿದ್ರೆ, ಬಾಗಿಲು ತೆಗೆದ ತಕ್ಷಣ ಇದು ಬೇಕಂತಲೇ ಶಾರ್ಟ್ ಮಾಡಿ ಫ್ಯೂಸ್ ಸುಟ್ಟುಬಿಡುತ್ತೆ. ಅಂದ್ರೆ ಮೆಷೀನ್ ತಾನು ಸತ್ತರೂ ಪರವಾಗಿಲ್ಲ, ಬಾಗಿಲು ತೆಗೆದಿರೋವಾಗ ಮಾತ್ರ ಓಡಬಾರದು ಅಂತ ಮಾಡಿರೋದು. "ಫ್ಯೂಸ್ ಹೋಗಿದೆ, ಬರೀ ಫ್ಯೂಸ್ ಹಾಕಿಕೊಡಿ ಸಾಕು" ಅಂತ ತಂದು ಕೊಡ್ತಾರೆ, ಬಿಚ್ಚಿ ನೋಡಿದ್ರೆ ಡೋರ್ ಸ್ವಿಚ್ ಸುಟ್ಟಿರುತ್ತೆ, ಅದನ್ನ ಬದಲಾಯಿಸದೆ ಫ್ಯೂಸ್ ಮಾತ್ರ ಹಾಕೋದು ಅಂದ್ರೆ ಕಾವಲಿಗಿರೋನನ್ನೇ ಮನೆಗೆ ಕಳಿಸಿದಂಗೆ. ಹಾಂ, ದಯವಿಟ್ಟು ನೀವೇ ಬಿಚ್ಚೋಕೆ ಹೋಗ್ಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ನಿಂತಿರಬಹುದು, ಪ್ರಾಣಕ್ಕೇ ಬರುತ್ತೆ.

ಫೋನನ್ನ ಓವನ್ ಒಳಗಿಟ್ಟು ಕಾಲ್ ಮಾಡೋ ವಿಡಿಯೋ ಅಮ್ಮ ನೋಡಿರಬಹುದು, ರಿಂಗ್ ಆದ್ರೆ ಲೀಕ್ ಆಗ್ತಿದೆ ಅಂತ ತೋರಿಸ್ತಾರೆ. ಅದು ಪರೀಕ್ಷೆನೇ ಅಲ್ಲ. ಒಂದು ವಾಟನ್ನ ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು ಸಿಕ್ರೂ ಫೋನಿಗೆ ಸಿಗ್ನಲ್ ಸಾಕು, ಅಷ್ಟು ಸೂಕ್ಷ್ಮ ಅದು. ಹಾಗಾಗಿ ಸರಿಯಾಗಿರೋ ಓವನ್‌ನಲ್ಲೂ ರಿಂಗ್ ಆಗುತ್ತೆ. ಓವನ್ ಓಡೋವಾಗ ವೈಫೈ ತೊದಲೋದೂ ಅದಕ್ಕೇ, ರೂಟರ್‌ಗೆ ಅಡ್ಡಿ ಮಾಡೋಕೆ ಬೇಕಾಗಿರೋದಕ್ಕೂ ಮನುಷ್ಯನ ಚರ್ಮ ಬಿಸಿ ಮಾಡೋಕೆ ಬೇಕಾಗಿರೋದಕ್ಕೂ ಅಜಗಜಾಂತರ.

ಇನ್ನೊಂದು ಫಾರ್ವರ್ಡ್ ಓಡಾಡ್ತಾನೇ ಇರುತ್ತೆ, ಸ್ವಿಟ್ಜರ್ಲೆಂಡ್‌ನ ವಿಜ್ಞಾನಿಯೊಬ್ಬರು ಮೈಕ್ರೋವೇವ್ ಊಟದಿಂದ ರಕ್ತ ಕೆಡುತ್ತೆ ಅಂತ ಕಂಡುಹಿಡಿದ್ರು, ಅವರ ಬಾಯಿ ಮುಚ್ಚಿಸಿದ್ರು, ಕೊನೆಗೆ ಕೋರ್ಟ್‌ನಲ್ಲಿ ಅವರೇ ಗೆದ್ರು ಅಂತ. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬ್ತಾರೆ. ಅವರ ಹೆಸರು ಹಾನ್ಸ್ ಹೆರ್ಟೆಲ್. ಅಧ್ಯಯನದಲ್ಲಿ ಇದ್ದಿದ್ದು ಎಂಟೇ ಜನ. ಅವರ ಜೊತೆ ಕೆಲಸ ಮಾಡಿದ ಪ್ರೊಫೆಸರ್ರೇ ಹೆರ್ಟೆಲ್ ತೆಗೆದ ತೀರ್ಮಾನ ಒಪ್ಪಲಿಲ್ಲ. ಓವನ್ ಮಾರೋರ ಸಂಘ ಕೇಸ್ ಹಾಕಿ ಅವರು ಹಾಗೆಲ್ಲ ಹೇಳಬಾರದು ಅಂತ ಆದೇಶ ತಂತು, 1998ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ಆದೇಶ ಅವರ ಮಾತಿನ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ ಹೇಳ್ತು. ನನ್ನ ಅಭಿಪ್ರಾಯ ಕೇಳಿದ್ರೆ ಆ ತೀರ್ಪು ಸರಿಯಾಗಿಯೇ ಇದೆ, ಒಬ್ಬ ಮನುಷ್ಯ ತಪ್ಪು ಹೇಳ್ತಿದಾನೆ ಅಂದ್ರೆ ಪುರಾವೆ ಇಟ್ಟು ಉತ್ತರ ಕೊಡಬೇಕೇ ಹೊರತು ಬಾಯಿ ಹೊಲಿಯಬಾರದು. ಆದ್ರೆ ಮಾತಾಡೋ ಹಕ್ಕಿದೆ ಅಂತ ಕೋರ್ಟ್ ಹೇಳಿದ್ದನ್ನ ಅವರು ಹೇಳಿದ್ದೆಲ್ಲ ನಿಜ ಅಂತ ಕೋರ್ಟ್ ಹೇಳ್ತು ಅಂತ ಮಾಡಿ ಹಂಚೋದು ಮೋಸ.

ಕ್ಯಾನ್ಸರ್ ವಿಷಯಕ್ಕೆ ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2011ರಲ್ಲಿ ರೇಡಿಯೋ ಅಲೆಗಳನ್ನ (ಮೈಕ್ರೋವೇವೂ ಅದೇ ಜಾತಿ) "ಕ್ಯಾನ್ಸರ್ ತರೋ ಸಾಧ್ಯತೆ ಇರಬಹುದು" ಅನ್ನೋ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಅಲ್ಲಿ ಮುಖ್ಯವಾಗಿ ನೋಡಿದ್ದು ತಲೆಗೆ ಒತ್ತಿ ಹಿಡ್ಕೊಳ್ಳೋ ಮೊಬೈಲ್ ಫೋನ್ ಬಗ್ಗೆ, ಅದೂ ಪುರಾವೆ ಸೀಮಿತ ಅಂತ ಹೇಳಿಯೇ ಸೇರಿಸಿದ್ದು. ಓವನ್‌ನಲ್ಲಿ ಬಿಸಿಯಾದ ಊಟದ ಬಗ್ಗೆ ಅಲ್ಲ. ಪೋಷಕಾಂಶ ಹೋಗುತ್ತೆ ಅಂತಾನೂ ಅಂತಾರೆ, ಹೋಗುತ್ತೆ, ಯಾವ ಒಲೆ ಮೇಲೆ ಬೇಯಿಸಿದ್ರೂ ಹೋಗುತ್ತೆ. ವಿಟಮಿನ್ ಸಿ ಹಾಳಾಗೋದು ಬಿಸಿಗೆ ಮತ್ತೆ ಬೇಯಿಸಿ ಚೆಲ್ಲೋ ನೀರಿನ ಜೊತೆ, ಮೈಕ್ರೋವೇವ್‌ನಲ್ಲಿ ತರಕಾರಿಗೆ ಒಂದೆರಡು ಚಮಚ ನೀರು ಹಾಕಿ ಕಮ್ಮಿ ಹೊತ್ತು ಇಟ್ರೆ ಎಷ್ಟೋ ಸಲ ಜಾಸ್ತಿನೇ ಉಳಿಯುತ್ತೆ.

ಈಗ ನಾನು ನಿಜವಾಗ್ಲೂ ಹೆದರೋ ವಿಷಯಕ್ಕೆ ಬರ್ತೀನಿ. ಮೊದಲನೇದು ನಿಮ್ಮ ಮಗುವಿನ ಬಾಟ್ಲಿ.

ಓವನ್ ಒಳಗೆ ಅಲೆಗಳು ಗೋಡೆಗೆ ಬಡಿದು ವಾಪಸ್ ಬಂದು ಒಂದರ ಮೇಲೊಂದು ಬೀಳ್ತಾವೆ, ಹಾಗಾಗಿ ಕೆಲವು ಜಾಗ ಜೋರಾಗಿ ಬಿಸಿ, ಕೆಲವು ಜಾಗ ತಣ್ಣಗೆ. ತಟ್ಟೆ ತಿರುಗೋದು ಅದನ್ನ ಸರಿದೂಗಿಸೋಕೆ. ಮನೇಲೇ ನೋಡಬೇಕಂದ್ರೆ ತಿರುಗೋ ತಟ್ಟೆ ಮತ್ತೆ ಅದರ ಕೆಳಗಿನ ಚಕ್ರ ತೆಗೆದಿಡಿ, ಒಂದು ಚಪ್ಪಟೆ ತಟ್ಟೆ ಬೋರಲು ಹಾಕಿ ಅದರ ಮೇಲೆ ದೊಡ್ಡ ಚಾಕೊಲೇಟ್ ಬಾರ್ ಇಟ್ಟು ಇಪ್ಪತ್ತು ಸೆಕೆಂಡ್ ಓಡಿಸಿ. ನನ್ನ ಅಣ್ಣನ ಮಗಳಿಗೆ ಇದನ್ನ ಮಾಡಿ ತೋರಿಸಿದ್ದೆ. ಬಾರ್ ಪೂರ್ತಿ ಗಟ್ಟಿಯಾಗೇ ಇತ್ತು, ಎರಡು ಕಡೆ ಮಾತ್ರ ಬೆರಳಗಲ ಕರಗಿ ಗುಂಡಿ ಬಿದ್ದಿತ್ತು, ಸ್ಕೇಲ್ ಇಟ್ಟು ನೋಡಿದ್ರೆ ಎರಡರ ಮಧ್ಯೆ ಆರು ಸೆಂಟಿಮೀಟರ್ ಹತ್ರ. ಅದನ್ನ ಎರಡರಿಂದ ಗುಣಿಸಿದ್ರೆ ಅಲೆಯ ಉದ್ದ, ಅದನ್ನ 2.45 ಗಿಗಾಹರ್ಟ್ಸ್‌ನಿಂದ ಗುಣಿಸಿದ್ರೆ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್, ಬೆಳಕಿನ ವೇಗ! ಆ ಹುಡುಗಿ ಕ್ಯಾಲ್ಕುಲೇಟರ್ ಹಿಡ್ಕೊಂಡು ಮೂರು ಸಲ ಲೆಕ್ಕ ಮಾಡಿದ್ಲು. ಅಡುಗೆಮನೆಯಲ್ಲಿ ನಿಂತು ಬೆಳಕಿನ ವೇಗ ಅಳೆಯೋಕೆ ಆಗುತ್ತೆ ಅನ್ನೋದು ನನಗೆ ಈಗಲೂ ಖುಷಿ ಕೊಡುತ್ತೆ.

ಇದೇ ಗುಂಡಿಗಳನ್ನ ಹಾಲಿನ ಬಾಟ್ಲಿಯಲ್ಲಿ ಊಹಿಸ್ಕೊಳ್ಳಿ. ಹೊರಗಿಂದ ಮುಟ್ಟಿದ್ರೆ ಬಾಟ್ಲಿ ಉಗುರು ಬೆಚ್ಚಗೆ, ಒಳಗೆ ಒಂದು ಕಡೆ ಮಗುವಿನ ಬಾಯಿ ಸುಡೋಷ್ಟು ಬಿಸಿ. ಅದಕ್ಕೇ ಮಕ್ಕಳ ಡಾಕ್ಟರುಗಳು ಎದೆಹಾಲಾಗ್ಲಿ ಪೌಡರ್ ಹಾಲಾಗ್ಲಿ ಮೈಕ್ರೋವೇವ್‌ನಲ್ಲಿ ಇಡಬೇಡಿ ಅನ್ನೋದು. ಬಿಸಿನೀರಿನ ಪಾತ್ರೆಯಲ್ಲಿ ಬಾಟ್ಲಿ ನಿಲ್ಲಿಸಿ ಬೆಚ್ಚಗೆ ಮಾಡಿ, ಚೆನ್ನಾಗಿ ಅಲ್ಲಾಡಿಸಿ, ಮಣಿಕಟ್ಟಿನ ಒಳಭಾಗಕ್ಕೆ ಎರಡು ತೊಟ್ಟು ಬಿಟ್ಟು ನೋಡಿ ಆಮೇಲೆ ಕೊಡಿ. ಇದರಲ್ಲಿ ಅಮ್ಮನ ಮಾತು ಕೇಳಿ, ವಾದ ಮಾಡ್ಬೇಡಿ.

ತಣ್ಣಗಿನ ಜಾಗದ್ದು ಇನ್ನೊಂದು ತೊಂದರೆ, ಅಲ್ಲಿ ಬ್ಯಾಕ್ಟೀರಿಯಾ ಸಾಯಲ್ಲ. ಉಳಿದ ಊಟ ಬಿಸಿ ಮಾಡೋವಾಗ ಮುಚ್ಚಳ ಸ್ವಲ್ಪ ಸಂದು ಬಿಟ್ಟು ಮುಚ್ಚಿ, ಮಧ್ಯೆ ಒಂದು ಸಲ ತೆಗೆದು ಕಲಸಿ, ಆಮೇಲೆ ಒಂದೆರಡು ನಿಮಿಷ ಹಾಗೇ ಬಿಡಿ, ಮಧ್ಯದಲ್ಲೂ ಹೊಗೆಯಾಡೋಷ್ಟು ಬಿಸಿ, ಅಂದ್ರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅನ್ನದ ವಿಷಯದಲ್ಲಿ ಮಾತ್ರ ಇದೂ ಸಾಲದು: ಗಂಟೆಗಟ್ಟಲೆ ಹೊರಗೇ ಇಟ್ಟ ಅನ್ನದಲ್ಲಿ ಬ್ಯಾಸಿಲಸ್ ಸಿರಿಯಸ್ ಅನ್ನೋ ಬ್ಯಾಕ್ಟೀರಿಯಾ ವಿಷ ಬಿಟ್ಟಿರಬಹುದು, ಆ ವಿಷ ಎಷ್ಟು ಕುದಿಸಿದ್ರೂ ಹೋಗಲ್ಲ. ಬೇಗ ಫ್ರಿಜ್‌ಗೆ ಇಡೋದೊಂದೇ ದಾರಿ.

ಎರಡನೇದು ಬರೀ ನೀರು. ಇದು ನನಗೇ ಆಗಿದ್ದು. ನುಣುಪಾದ ಹೊಸ ಗಾಜಿನ ಕಪ್‌ನಲ್ಲಿ ನೀರಿಟ್ಟು ಮೂರು ನಿಮಿಷ ಬಿಟ್ಟಿದ್ದೆ. ತೆಗೆದಾಗ ಒಂದು ಗುಳ್ಳೆ ಇಲ್ಲ, ಕನ್ನಡಿ ಥರ ನಿಂತಿತ್ತು, ಇನ್ನೂ ಕುದ್ದಿಲ್ಲ ಅಂತ ಕಾಫಿಪುಡಿ ಚಮಚ ಅದ್ದಿದೆ, ಅದ್ದಿದ್ದೇ ತಡ ಅರ್ಧ ಕಪ್ ನೀರು ಭುಸ್ ಅಂತ ಮೇಲೆದ್ದು ಕೈ ಮೇಲೆ ಬಂತು. ಬಲಗೈ ಮಣಿಕಟ್ಟಿನ ಮೇಲೆ ಆ ಕಲೆ ಇನ್ನೂ ಇದೆ. ಗುಳ್ಳೆ ಹುಟ್ಟೋಕೆ ಒಂದು ಒರಟು ಜಾಗ ಬೇಕು, ನುಣುಪಾದ ಕಪ್‌ನಲ್ಲಿ ಅದು ಸಿಗದೆ ನೀರು 100 ಡಿಗ್ರಿ ದಾಟಿದ್ರೂ ಕುದಿಯದೆ ಕೂತಿರುತ್ತೆ, ಚಮಚ ತಾಗಿದ ತಕ್ಷಣ ಒಂದೇ ಸಲಕ್ಕೆ ಕುದಿಯುತ್ತೆ. ನೀರಿನ ಜೊತೆ ಮೊದಲೇ ಒಂದು ಮರದ ಚಮಚ ಇಟ್ಟು ಬಿಸಿ ಮಾಡಿ, ಜಾಸ್ತಿ ಹೊತ್ತು ಬಿಡಬೇಡಿ, ತೆಗೆಯೋವಾಗ ಮುಖ ದೂರ ಇರಲಿ. ಚಿಪ್ಪಿನ ಸಮೇತ ಮೊಟ್ಟೆ ಯಾವತ್ತೂ ಬೇಡ, ಬೇಯಿಸಿ ಇಟ್ಟಿದ್ದನ್ನ ಮತ್ತೆ ಬಿಸಿ ಮಾಡೋದೂ ಬೇಡ, ಬಾಯಿಗೆ ಇಟ್ಟಾಗ ಸಿಡಿದಿರೋ ಉದಾಹರಣೆ ಇದೆ.

ಮೂರನೇದು ಪ್ಲಾಸ್ಟಿಕ್. ರೇಡಿಯೇಷನ್‌ಗೆ ಹೆದರೋರು ಕೂಡ ಐಸ್‌ಕ್ರೀಮ್ ಡಬ್ಬಿಯಲ್ಲಿ ಎಣ್ಣೆ ಇರೋ ಊಟ ಹಾಕಿ ಒಳಗೆ ಇಡೋದು ನೋಡಿದ್ರೆ ನನಗೆ ಸಂಕಟ ಆಗುತ್ತೆ. ಬಿಸಿ ಆದಾಗ, ಅದರಲ್ಲೂ ಎಣ್ಣೆ ಜಿಡ್ಡು ಇದ್ದಾಗ, ಕೆಲವು ಪ್ಲಾಸ್ಟಿಕ್‌ನಿಂದ ಬಿಪಿಎ, ಥಾಲೇಟ್ ಥರದ ರಾಸಾಯನಿಕ ಊಟಕ್ಕೆ ಇಳಿಯುತ್ತೆ. ಮೆಲಮೈನ್ ತಟ್ಟೆನೂ ಬೇಡ. ಗಾಜು ಇಲ್ಲ ಪಿಂಗಾಣಿ, ಅಂಚಿಗೆ ಚಿನ್ನದ ಬಣ್ಣದ ಗೆರೆ ಇಲ್ಲದ್ದು, ಅಷ್ಟೇ ಬಳಸಿ.

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳೋ ಬದಲು ಚಾಕೊಲೇಟ್ ಮಾಡಿ ತೋರಿಸಿ, ಬಾಟ್ಲಿ ಯಾಕೆ ಬೇಡ ಅನ್ನೋದೂ ಅದರಲ್ಲೇ ಗೊತ್ತಾಗುತ್ತೆ. ಆಮೇಲೆ ನಿಮ್ಮ ಓವನ್ ಬಾಗಿಲು ಒಂದು ಸಲ ನೋಡಿ: ಜೋತಾಡ್ತಿದ್ರೆ, ಅಂಚಲ್ಲಿ ತುಕ್ಕು ಇದ್ರೆ, ಜಾಲರಿ ಹರಿದಿದ್ರೆ, ಬಳಸೋದು ನಿಲ್ಸಿ ಸರ್ವಿಸ್‌ನವರನ್ನ ಕರೆಸಿ, ಮತ್ತೆ ಫೋನಲ್ಲೇ ಕೇಳಿ ಲೀಕೇಜ್ ಮೀಟರ್ ತರ್ತೀರಾ ಅಂತ. ಇಲ್ಲ ಅಂದ್ರೆ ಬೇರೆಯವರನ್ನ ಕರೆಸಿ. ಮಾಡೆಲ್ ನಂಬರ್ ಕಾಮೆಂಟಲ್ಲಿ ಹಾಕಿದ್ರೆ ಆ ಬಾಗಿಲಲ್ಲಿ ಎಲ್ಲೆಲ್ಲಿ ನೋಡಬೇಕು ಅಂತ ನಾನೂ ಹೇಳ್ತೀನಿ.