ಮಂಕಾದ ಬಣ್ಣಕ್ಕೆ ಮೊದಲು ಪಾಲಿಶ್, ಆಮೇಲೆ ವ್ಯಾಕ್ಸ್

15 ವರ್ಷ ಬಿಸಿಲಿನಲ್ಲೇ ನಿಂತ ನಿಮ್ಮ ಕೆಂಪು ಕಾರಿನ ಬಾನೆಟ್‌ಗೆ ವ್ಯಾಕ್ಸ್ ಹಚ್ಚಿದರೂ ಹೊಳಪು ವಾರದೊಳಗೆ ಏಕೆ ಮಾಯವಾಗುತ್ತದೆ ಎಂದು ಕೇಳಿದ್ದೀರಿ. ವ್ಯಾಕ್ಸ್ ಇರುವ ಹೊಳಪನ್ನು ಕಾಯುತ್ತದೆಯೇ ಹೊರತು ಮಂಕಾದ ಪದರವನ್ನು ತೆಗೆಯುವುದಿಲ್ಲ. ಆ ಕೆಲಸ ಪಾಲಿಶ್‌ನದು. ಮೊದಲು ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ, ಕಣ್ಣಿಗೆ ಬೀಳದ ಒಂದು ಕಡೆ ಉಜ್ಜಿ ನೋಡಿ. ಬಟ್ಟೆಗೆ ಕುಂಕುಮದಂತೆ ಕೆಂಪು ಹತ್ತಿದರೆ, ಮೇಲೆ ಕ್ಲಿಯರ್ ಕೋಟ್ (ಬಣ್ಣವನ್ನು ಕಾಯುವ ಪಾರದರ್ಶಕ ಪದರ) ಇಲ್ಲವೆಂದೂ ಬಿಸಿಲಿಗೆ ಸತ್ತ ಬಣ್ಣವೇ ಎದ್ದು ಬರುತ್ತಿದೆಯೆಂದೂ ತಿಳಿಯಿರಿ. ಇಂಥ ಬಣ್ಣ ಸಾಮಾನ್ಯವಾಗಿ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಬಟ್ಟೆ ಕೆಂಪಾಗದಿದ್ದರೆ ಕ್ಲಿಯರ್ ಕೋಟ್ ಇದೆ. ಅದರ ದಪ್ಪ ಹೆಚ್ಚೆಂದರೆ 50 ಮೈಕ್ರಾನ್ (ಮಿಲಿಮೀಟರ್‌ನ ಇಪ್ಪತ್ತನೇ ಒಂದು ಭಾಗ) ಆಸುಪಾಸು ಇರುವುದರಿಂದ, ದಯವಿಟ್ಟು ಒರಟು ಕಾಂಪೌಂಡ್‌ನಿಂದ (ಪಾಲಿಶ್‌ಗಿಂತ ಹೆಚ್ಚು ಉಜ್ಜಿ ತೆಗೆಯುವ ಪೇಸ್ಟ್) ಆರಂಭಿಸಬೇಡಿ. ಕ್ಲಿಯರ್ ಕೋಟ್ ಬಿಳಿ ಪೊರೆಯಂತೆ ಸುಲಿಯುತ್ತಿದ್ದರೆ ಮಾತ್ರ ಮರುಬಣ್ಣವೇ ದಾರಿ.

ಕಾರನ್ನು ತೊಳೆದು, ತಗಡು ಕೈಗೆ ತಣ್ಣಗೆನಿಸುವವರೆಗೆ ನೆರಳಿನಲ್ಲಿ ಬಿಟ್ಟು, ಅಂಗೈ ಆಡಿಸಿದಾಗ ಮರಳಿನಂತೆ ತಡೆಯುವ ಕೊಳೆಯನ್ನು ಕ್ಲೇ ಬಾರ್‌ನಿಂದ (ಅಂಟಿದ ಕೊಳೆಯನ್ನು ಎತ್ತುವ ಜೇಡಿಯಂಥ ಮೆತ್ತನೆಯ ಉಂಡೆ) ತೆಗೆದ ಬಳಿಕ, ಒಮ್ಮೆಗೆ ಎರಡಡಿ ಅಗಲ, ಎರಡಡಿ ಉದ್ದದಷ್ಟು ಜಾಗಕ್ಕೆ ಮಾತ್ರ ಪಾಲಿಶ್ ಮಾಡಿ. ಅಂಚು, ಮಡಿಕೆಗಳಲ್ಲಿ ಬಣ್ಣ ತೆಳುವಾಗಿರುತ್ತದೆ, ಅಲ್ಲಿ ಕೈ ಹಗುರವಾಗಿರಲಿ. ನಂತರ ವ್ಯಾಕ್ಸ್ ಅನ್ನು ತೆಳ್ಳಗೆ ಬಳಿದು, ಅದು ಮಂಜು ಕವಿದಂತೆ ಒಣಗಿದಾಗ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಆದರೆ ಎರಡು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ.