ಆಸ್ಪತ್ರೆ ಬಿಲ್ಲಿನಲ್ಲಿ ಬರದ ಖರ್ಚು

ಓದುಗರ ಪತ್ರ: "ನನಗೆ 26 ವರ್ಷ. ಎಂ.ಎ. ಅರ್ಥಶಾಸ್ತ್ರ ಮುಗಿಸಿದ್ದೇನೆ, ಪೂರ್ತಿ ಕನ್ನಡ ಮಾಧ್ಯಮ. ಅಪ್ಪನ ಹೃದಯದ ಆಪರೇಷನ್‌ಗೆ ಒಂದು ಎಕರೆ ಹೊಲ ಮಾರಿದೆವು. ಅವತ್ತಿನಿಂದ ಆಸ್ಪತ್ರೆ ಖರ್ಚಿನ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಆರೋಗ್ಯ ಅರ್ಥಶಾಸ್ತ್ರ ಅಂತ ಒಂದು ವಿಷಯ ಇದೆಯಂತೆ. ಡಾಕ್ಟರ್ ಅಲ್ಲದವರು ಅದರಲ್ಲಿ ಸಂಶೋಧನೆ ಮಾಡಬಹುದೇ? ಎಲ್ಲಿ ಕಲಿಯಬೇಕು? ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರಿ ಅಂತಾರೆ. ನನಗೆ ವಯಸ್ಸು ಮೀರಿತೇ?"
— ಓದುಗರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೊಲ ಮಾರಿದ ವಿಷಯವನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ನೀವು ಕೇಳುತ್ತಿರುವ ವಿದ್ಯೆ ಹುಟ್ಟುವುದೇ ಆ ಸಾಲಿನಿಂದ.

ಡಾಕ್ಟರ್ ಅಲ್ಲದವರು ಮಾಡಬಹುದಾ ಅಂದಿರಿ. ಖಂಡಿತ ಮಾಡಬಹುದು. 1963ರಲ್ಲಿ ಕೆನೆತ್ ಆರೋ ಬರೆದ ಒಂದು ಲೇಖನದಿಂದ ಈ ವಿಷಯಕ್ಕೆ ಗಟ್ಟಿ ತಳಪಾಯ ಸಿಕ್ಕಿತು ಅಂತಾರೆ. ಆತ ಅಪ್ಪಟ ಅರ್ಥಶಾಸ್ತ್ರಜ್ಞ. ಕಾಯಿಲೆ ಯಾವಾಗ ಬರುತ್ತೋ ಗೊತ್ತಿಲ್ಲ, ಯಾವ ಚಿಕಿತ್ಸೆ ಬೇಕು ಅಂತ ರೋಗಿಗೆ ತಿಳಿಯಲ್ಲ. ಹಾಗಾಗಿ ತರಕಾರಿ ಸಂತೆಯ ಲೆಕ್ಕ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ ಅನ್ನುವುದು ಆತನ ವಾದ. ನಿಮ್ಮ ಅಪ್ಪನ ಆಪರೇಷನ್ ಹೊತ್ತಿನಲ್ಲಿ ನೀವು ಚೌಕಾಸಿ ಮಾಡಲಿಲ್ಲ, ಅಲ್ವಾ? ಅದೇ ವಿಷಯ.

ಅದೇ 1963ರಲ್ಲಿ ನಮ್ಮ ರಾಜ್ಯದ ಒಂದು ಅಧ್ಯಯನವೂ ಪ್ರಕಟವಾಯಿತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದು 1959ರಲ್ಲಿ. ಹಳ್ಳಿಯವರಿಗೆ ತಿಳಿವಳಿಕೆ ಕಮ್ಮಿ, ಕೆಮ್ಮಿದರೂ ಆಸ್ಪತ್ರೆಗೆ ಬರಲ್ಲ ಅನ್ನುವ ಮಾತು ಆಗ ಸಾಮಾನ್ಯವಾಗಿತ್ತು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದನ್ನು ಸುಮ್ನೆ ಒಪ್ಪಿಕೊಳ್ಳಲಿಲ್ಲ. ತುಮಕೂರು ಜಿಲ್ಲೆಯಲ್ಲಿ ಕ್ಷಯ ಇದ್ದವರನ್ನು ಅವರ ಮನೆಯಲ್ಲೇ ಮಾತಾಡಿಸುವ ಅಧ್ಯಯನ ಮಾಡಿದರು. ಬಹುತೇಕ ಎಲ್ಲರಿಗೂ ತಮ್ಮ ಕಾಯಿಲೆಯ ಲಕ್ಷಣ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ತಪ್ಪು ಜನರದ್ದಲ್ಲ ಅಂತ ಗೊತ್ತಾಗಿದ್ದು ಮನೆ ಬಾಗಿಲಿಗೆ ಹೋಗಿ ಕೇಳಿದ್ದರಿಂದ. ದೇಶದ ಕ್ಷಯರೋಗ ಕಾರ್ಯಕ್ರಮವನ್ನು ದೂರದ ಸ್ಯಾನಟೋರಿಯಂಗಳಿಗೆ ಬಿಡದೆ ಊರ ಹತ್ತಿರದ ಆಸ್ಪತ್ರೆಗಳ ಮೇಲೆ ಕಟ್ಟಿದ್ದರ ಹಿಂದೆ ಇಂಥ ಕೆಲಸ ಇದೆ.

ಇನ್ನೊಂದು ಕತೆ ನಿಮಗೆ ಇನ್ನೂ ಹತ್ತಿರದ್ದು. 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ತರಹದ ದೊಡ್ಡ ಕಾಯಿಲೆಗಳ ಚಿಕಿತ್ಸೆ ಕೊಡಿಸುತ್ತಿತ್ತು. ಮೊದಲು ಉತ್ತರ ಕರ್ನಾಟಕಕ್ಕೆ ಬಂತು, ದಕ್ಷಿಣಕ್ಕೆ ಆಮೇಲೆ. ಸಂಶೋಧಕರು ಆ ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿ ನೋಡಿದರು. ಮಳೆ, ಬೆಳೆ, ಬದುಕು ಹೆಚ್ಚುಕಮ್ಮಿ ಒಂದೇ, ಒಂದು ಕಡೆ ಯೋಜನೆ ಇದೆ, ಇನ್ನೊಂದು ಕಡೆ ಇಲ್ಲ. ಈ ಕಾಯಿಲೆಗಳಿಂದ ಸತ್ತವರ ಪ್ರಮಾಣ ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ. 0.32. ಇಲ್ಲದ ಕಡೆ ಶೇ. 0.90. 2014ರಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಈ ಎರಡು ಅಂಕಿಗಳ ನಡುವೆ ಎಷ್ಟೋ ಮನೆಗಳ ಅಪ್ಪಂದಿರು ಇದ್ದಾರೆ.

ಈಗ ನಿಮ್ಮ ಕನ್ನಡ ಮಾಧ್ಯಮದ ವಿಷಯ. ಅದನ್ನು ನೀವು ಕೊರತೆಯ ಪಟ್ಟಿಯಲ್ಲಿ ಸೇರಿಸಿದಂತಿದೆ. ನನಗೆ ಹಾಗೆ ಕಾಣಲಿಲ್ಲ. ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಪ್ರಶ್ನೆ ಕೇಳುವುದು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಆಸ್ಪತ್ರೆಗೆ ಸೇರಿದ ಖರ್ಚನ್ನು ಕಳೆದ 365 ದಿನದ್ದು ಕೇಳುತ್ತಾರೆ, ಹೊರರೋಗಿ ಖರ್ಚನ್ನು 15 ದಿನದ್ದು ಮಾತ್ರ. ಸಣ್ಣ ಖರ್ಚು ಬೇಗ ಮರೆತುಹೋಗುತ್ತೆ, ಅದಕ್ಕೆ. "ಎಷ್ಟು ಖರ್ಚಾಯ್ತು?" ಅಂದರೆ ಜನ ಬಿಲ್ಲು ನೆನಪಿಸಿಕೊಂಡು ಒಂದು ಮೊತ್ತ ಹೇಳುತ್ತಾರೆ. ನಮ್ಮ ಅಮ್ಮ ಸೊಂಟ ಮುರಿದುಕೊಂಡು ಮಲಗಿದಾಗ ನಾನೂ ಹಾಗೇ ಹೇಳುತ್ತಿದ್ದೆ. ಆಟೋ ಬಾಡಿಗೆ, ಜೊತೆಗಿದ್ದ ಅಕ್ಕನ ಊಟ, ಅವಳು ಬಿಟ್ಟ ಹದಿನೆಂಟು ದಿನದ ಕೂಲಿ, ಅಡ ಇಟ್ಟ ಸರದ ಬಡ್ಡಿ, ಇದ್ಯಾವುದೂ ಬಿಲ್ಲಿನಲ್ಲಿ ಇರಲಿಲ್ಲ. "ಅಡ ಇಟ್ರಾ? ಕೈಸಾಲನಾ, ಸಂಘದ ಸಾಲನಾ?" ಅಂತ ಮೆಲ್ಲಗೆ ಕೇಳಲು ಗೊತ್ತಿರುವವರಿಗೆ ಮಾತ್ರ ಆ ಲೆಕ್ಕ ಸಿಗುತ್ತೆ. ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ಸ್ವಂತ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ. 64.2 ಇತ್ತು, 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ ಅಂತ ಸರ್ಕಾರದ ಆರೋಗ್ಯ ಲೆಕ್ಕಪತ್ರ ಹೇಳುತ್ತೆ. ಇಂಥ ಅಂಕಿಯ ಬುಡದಲ್ಲಿ ಯಾರದೋ ಜಗಲಿಯ ಮೇಲೆ ಕೂತು ಕೇಳಿದ ಪ್ರಶ್ನೆಗಳೂ ಇವೆ.

ಆದರೆ ಇಂಗ್ಲಿಷ್ ಮತ್ತು ಅಂಕಿಅಂಶ ಶಾಸ್ತ್ರ ಕಲಿಯದೆ ವಿಧಿಯಿಲ್ಲ. ಪ್ರಬಂಧಗಳೆಲ್ಲ ಇಂಗ್ಲಿಷ್‌ನಲ್ಲಿ. ಕಾಲೇಜು ಅಧ್ಯಾಪಕರಾಗಲು, ಸಂಶೋಧನಾ ವೇತನ ಪಡೆಯಲು ಬರೆಯುವ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ದಿನಾ ಒಂದು ಗಂಟೆ ಇಡಿ. ಅಂಕಿಅಂಶದ ಲೆಕ್ಕಕ್ಕೆ ಬಳಸುವ 'ಆರ್' ಅನ್ನುವ ಸಾಫ್ಟ್‌ವೇರ್ ಉಚಿತ. ಮಾದರಿ ಸಮೀಕ್ಷೆಯ ಮೂಲ ದತ್ತಾಂಶ ಕೇಂದ್ರ ಸಾಂಖ್ಯಿಕ ಸಚಿವಾಲಯದ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಸಿಗುತ್ತೆ. 2017-18ರ 75ನೇ ಸುತ್ತು ಆರೋಗ್ಯದ್ದು. ಅದನ್ನು ಇಳಿಸಿಕೊಂಡು ಕರ್ನಾಟಕದ ಸಾಲುಗಳನ್ನು ಮಾತ್ರ ಬೇರೆ ಮಾಡಿ ನೋಡಿ. ಮೊದಲ ವಾರ ತಲೆ ಕೆಡುತ್ತೆ. ಬಿಡಬೇಡಿ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯವರು ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್ ಅನ್ನುವ ಪಾಠದ ಜಾಲತಾಣದ ಮೂಲಕ ಆರೋಗ್ಯ ಸಂಶೋಧನೆಯ ಆರಂಭದ ಪಾಠಗಳನ್ನು ಆನ್‌ಲೈನ್‌ನಲ್ಲಿ ನಡೆಸುತ್ತಾರೆ. ಅದನ್ನೂ ನೋಡಿ.

ಎಲ್ಲಿ ಕಲಿಯಬೇಕು ಅಂದರೆ, ನಿಮಗೆ ನನ್ನ ಮೊದಲ ಸಲಹೆ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. 1956ರಿಂದ ಇದೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸುವುದು ಅವರೇ. ಅರ್ಥಶಾಸ್ತ್ರ ಓದಿದವರಿಗೆ ಅಲ್ಲಿ ಜಾಗ ಇದೆ. ಪಿಎಚ್.ಡಿ. ಕಡೆಗೆ ಮನಸ್ಸಿದ್ದರೆ ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಇದೆ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ್ದು. ಸಾರ್ವಜನಿಕ ಆರೋಗ್ಯದ ಎಂ.ಪಿ.ಎಚ್. ಕೋರ್ಸ್ ನಿಮಗೆ ಹತ್ತಿರದ ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಲ್ಲೂ ಇದೆ, ಮಣಿಪಾಲದಲ್ಲೂ ಇದೆ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ ಈ ಕೋರ್ಸಿಗೆ ಹಳೆಯ ಹೆಸರು. ಯಾವ ಔಷಧಿ, ಯಾವ ಉಪಕರಣಕ್ಕೆ ಸರ್ಕಾರ ದುಡ್ಡು ಹಾಕಿದರೆ ಎಷ್ಟು ಆಯುಸ್ಸು ಉಳಿಯುತ್ತೆ ಅಂತ ಲೆಕ್ಕ ಹಾಕಲು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ಒಂದು ವಿಭಾಗವೇ ಇದೆ. ಅದರ ಕೇಂದ್ರಗಳು ಬೇರೆ ಬೇರೆ ರಾಜ್ಯಗಳಲ್ಲಿವೆ, ಚಂಡೀಗಢದ ಪಿಜಿಐ ಅದರಲ್ಲಿ ಮುಂದಿದೆ. ಆರೋಗ್ಯ ಅರ್ಥಶಾಸ್ತ್ರ ಅಂತಲೇ ಹೆಸರಿಟ್ಟು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಇಂಥ ಕಡೆ.

ಒಂದು ಮಾತು ಕೇಳಿ. ಸಾಲ ಮಾಡಿ ದುಬಾರಿ ಎಂ.ಪಿ.ಎಚ್.ಗೆ ಈಗಲೇ ಸೇರಬೇಡಿ. ಮೊದಲು ಒಂದು ವರ್ಷ ಯಾವುದಾದರೂ ಸಮೀಕ್ಷೆಯಲ್ಲಿ ಫೀಲ್ಡ್ ಇನ್ವೆಸ್ಟಿಗೇಟರ್ ಆಗಿ ಓಡಾಡಿ. ಸಂಬಳ ಕಮ್ಮಿ, ಬಿಸಿಲು ಜಾಸ್ತಿ, ಆದರೆ ಈ ಕೆಲಸ ನಿಮಗೆ ಹಿಡಿಸುತ್ತಾ ಅಂತ ಗೊತ್ತಾಗುತ್ತೆ. ಇಲ್ಲಿ ಬಹಳಷ್ಟು ಕೆಲಸ ಪ್ರಾಜೆಕ್ಟಿನ ಮೇಲೆ ನಿಂತಿದೆ, ಅದನ್ನೂ ಮುಚ್ಚಿಡುವುದಿಲ್ಲ. ಹನ್ನೊಂದು ತಿಂಗಳ ಗುತ್ತಿಗೆ, ಪ್ರಾಜೆಕ್ಟ್ ಮುಗಿದರೆ ಮತ್ತೆ ಹುಡುಕಾಟ. ಬ್ಯಾಂಕ್ ಕೆಲಸದ ಭದ್ರತೆ ಇದರಲ್ಲಿ ಇಲ್ಲ. ಮನೆಯವರ ಭಯಕ್ಕೆ ಕಾರಣ ಇದೆ, ಹೊಲ ಕಳೆದುಕೊಂಡ ಮನೆ ಅದು. ಅವರ ಹತ್ತಿರ ಜಗಳ ಮಾಡಬೇಡಿ. ಬೇಕಾದರೆ ಬ್ಯಾಂಕ್ ಪರೀಕ್ಷೆಯನ್ನೂ ಬರೆಯಿರಿ.

ಭದ್ರತೆಗೆ ಇರುವ ಒಂದು ದಾರಿ ಜೆ.ಆರ್.ಎಫ್., ಅಂದರೆ ನೆಟ್‌ನಲ್ಲಿ ಮೇಲಿನ ಅಂಕ ಪಡೆದವರಿಗೆ ಸಿಗುವ ಸಂಶೋಧನಾ ವೇತನ. ನೆಟ್‌ನಲ್ಲಿ ಅರ್ಥಶಾಸ್ತ್ರ ಬರೆಯಬಹುದು, ಜನಸಂಖ್ಯಾ ಅಧ್ಯಯನವೂ ಇದೆ. ಜೆ.ಆರ್.ಎಫ್. ಸಿಕ್ಕು ಪಿಎಚ್.ಡಿ.ಗೆ ಸೇರಿದರೆ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ ಬೇರೆ. ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಅದರ ಮೇಲೆ 5 ವರ್ಷ ಸಡಿಲಿಕೆ ಇದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ. ನಿಮಗೆ 26 ಅಂತೀರಿ. ಮೀರಿಲ್ಲ.

ಅಪ್ಪ ಹೇಗಿದ್ದಾರೆ ಅಂತ ಪತ್ರದಲ್ಲಿ ಬರೆದಿಲ್ಲ. ಮುಂದಿನ ಸಲ ಬರೆಯುವಾಗ ತಿಳಿಸಿ.

— ಸಂಪಾದಕ