ಇಟಲಿಯಲ್ಲಿ ಕೆಲಸ ಇಂಗ್ಲಿಷಿನಲ್ಲೇ ಇದ್ದರೂ ಇಟಾಲಿಯನ್ ಕಲಿಯಬೇಕಾ? ಕಲಿತರೆ ನಾವು ನಾವಾಗಿ ಉಳಿಯುತ್ತೇವಾ?

ಕೆಲಸ ಇಂಗ್ಲಿಷಿನಲ್ಲಿ ಅನ್ನೋ ಮಾತು ಕೇಳಿಕೊಂಡೇ ನಾನೂ ಬಂದಿದ್ದು. ಮಿಲಾನಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಒಂದು ಗಂಟೆ ದೂರ ಇರುವ ಬ್ರೆಶಾ ಕಡೆ ಇದ್ದೇನೆ, ಒಂಬತ್ತು ವರ್ಷ ಆಯ್ತು. ಮೀಟಿಂಗ್ ಇಂಗ್ಲಿಷಿನಲ್ಲೇ ನಡೆಯುತ್ತದೆ, ಸುಳ್ಳಲ್ಲ. ಆದರೆ ಮೀಟಿಂಗ್ ಮುಗಿದ ಮೇಲೆ ಕಾಫಿ ಮೆಷಿನ್ ಹತ್ತಿರ ಜನ ನಗೋದು ಇಟಾಲಿಯನ್ನಿನಲ್ಲಿ. ನಾನು ಎರಡು ವರ್ಷ ಅಲ್ಲಿ ಅರ್ಥವಾಗದೆ ಸುಮ್ನೆ ಹಲ್ಲು ಕಿರಿದುಕೊಂಡು ನಿಂತಿದ್ದೆ. ಊರಲ್ಲಿ ನಾಲ್ಕು ಜನ ಸೇರಿದರೆ ನಗಿಸೋದು ನನ್ನ ಕೆಲಸ. ಇಲ್ಲಿ ನಾನು ಮಾತಾಡದ, ಪಾಪದ ಹುಡುಗ. ಹಾಗಾಗಿ "ಕಲಿತರೆ ನಾವಾಗಿ ಉಳಿಯುತ್ತೇವಾ" ಅಂತ ಕೇಳಿದ್ದೀರಲ್ಲ, ಕಲಿಯದೆ ಇದ್ದಾಗಲೇ ನಾನು ನಾನಾಗಿ ಇರಲಿಲ್ಲ.

ಕಾನೂನಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ಐದು ವರ್ಷ ಆದ ಮೇಲೆ ದೀರ್ಘಾವಧಿ ಪೆರ್ಮೆಸ್ಸೊ, ಅಂದರೆ ವಾಸದ ಪರವಾನಗಿ, ಬೇಕಿದ್ದರೆ ಎ2 ಮಟ್ಟದ ಭಾಷೆ, ಅಂದರೆ ದಿನನಿತ್ಯದ ಸರಳ ಮಾತಿನಷ್ಟು, ಬರುತ್ತದೆ ಅಂತ ತೋರಿಸಬೇಕು. 2010ರಿಂದ ಈ ನಿಯಮ ಇದೆ. ಪೌರತ್ವಕ್ಕೆ ನಮ್ಮಂಥವರಿಗೆ ಹತ್ತು ವರ್ಷದ ವಾಸ, ಜೊತೆಗೆ 2018ರಿಂದ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಿ1 ಸರ್ಟಿಫಿಕೇಟು. ಆ ಹತ್ತನ್ನು ಐದಕ್ಕೆ ಇಳಿಸಬೇಕಾ ಅಂತ 2025ರ ಜೂನ್‌ನಲ್ಲಿ ಜನರ ಮತ ಕೇಳಿದರು, ಅರ್ಧದಷ್ಟು ಮತದಾರರೂ ಬರಲಿಲ್ಲ, ಅಲ್ಲಿಗೆ ಬಿದ್ದುಹೋಯ್ತು. ಕಲಿಯೋಕೆ ದುಡ್ಡು ಸುರಿಯಬೇಕಿಲ್ಲ. ಸಿಪಿಐಎ ಅಂತ ದೊಡ್ಡವರ ಸರ್ಕಾರಿ ಶಾಲೆಗಳಿವೆ, ಸಂಜೆ ಕ್ಲಾಸು ಇರುತ್ತದೆ, ಅಲ್ಲಿಗೇ ಹೋಗಿ.

ಕನ್ನಡದವರಿಗೆ ಈ ಭಾಷೆ ಹೆದರಿಕೊಳ್ಳುವಷ್ಟು ಕಷ್ಟ ಅಲ್ಲ. ಆನ್ನೊ ಅಂದರೆ ವರ್ಷ, ಒತ್ತು ಬಿಟ್ಟು ಆನೊ ಅಂದರೆ ಮೈಯಲ್ಲಿ ಹೇಳಬಾರದ ಜಾಗ. ನನಗೆ ಮೂವತ್ತು ವರ್ಷ ಅಂತ ಹೇಳಲು ಹೋಗಿ ಎಷ್ಟೋ ಜನ ಕ್ಲಾಸಿನಲ್ಲಿ ಎಡವುತ್ತಾರೆ, ಅಕ್ಕ ಅಜ್ಜ ಅಂದುಕೊಂಡು ಬೆಳೆದ ನಮಗೆ ಅದು ಬಾಯಿಗೆ ಸಲೀಸು. ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. "ನಾನು" ಅಂತ ಹೇಳಬೇಕಿಲ್ಲ, ಪಾರ್ಲೊ ಅಂದರೆ ಮಾತಾಡ್ತೀನಿ, ಪಾರ್ಲಿ ಅಂದರೆ ಮಾತಾಡ್ತೀಯ, ಬಾಲ ನೋಡಿದರೆ ಸಾಕು. "ಮಿ ಪಿಯಾಚೆ" ಅಂದರೆ ನಮ್ಮ "ನನಗೆ ಇಷ್ಟ" ಇದ್ದಂತೆಯೇ. ಇಂಗ್ಲಿಷಿನಿಂದ ಅನುವಾದ ಮಾಡಿಕೊಂಡು ಒದ್ದಾಡಬೇಡಿ, ಕನ್ನಡದಿಂದ ಹೋಗಿ, ದಾರಿ ಹತ್ತಿರ.

ನಿಜವಾಗಿ ಪೆಟ್ಟು ಬೀಳೋದು ನೀನು-ನೀವು ವಿಷಯದಲ್ಲಿ. ಇಲ್ಲಿ ನೀನು ಅನ್ನಲು "ತೂ", ಮರ್ಯಾದೆಗೆ "ಲೇಯಿ". (ಲೇಯಿ ಅಂದರೆ ಅಕ್ಷರಶಃ "ಅವಳು", ಗಂಡಸರಿಗೂ ಅದೇ. 1938ರಲ್ಲಿ ಮುಸ್ಸೊಲಿನಿ ಸರ್ಕಾರ ಇದು ಹೆಣ್ಣಿಗರ ಪದ ಅಂತ ಬೈದು, ಬಹುವಚನದ "ವೋಯಿ" ಬಳಸಿ ಅಂತ ಆಜ್ಞೆ ಮಾಡಿತ್ತು. ಸರ್ಕಾರ ಹೋಯ್ತು, ಲೇಯಿ ಉಳೀತು.) ಒಂದು ಕಚೇರಿಯ ಕೌಂಟರಿನಲ್ಲಿ ನನ್ನ ಮುಂದಿದ್ದ ಇಟಾಲಿಯನ್ ಹೆಂಗಸಿಗೆ ಲೇಯಿ ಅಂತ ಮಾತಾಡಿಸಿದ ಗುಮಾಸ್ತ, ನನ್ನ ಮುಖ ನೋಡಿದ ತಕ್ಷಣ "ತೂ ಕಾಪೀರೆ?" ಅಂದ. "ನೀನು ತಿಳಿಯುವುದು?" ಅಂದ ಹಾಗೆ, ವ್ಯಾಕರಣವನ್ನೂ ಮುರಿದು, ಮಗುವಿಗೆ ಹೇಳುವಂತೆ. ಕೆಟ್ಟ ಮನುಷ್ಯ ಅಂತ ಅನಿಸಲಿಲ್ಲ, ಸಹಾಯ ಮಾಡ್ತಿದ್ದೀನಿ ಅಂತಲೇ ಅವನು ಅಂದುಕೊಂಡಿರಬೇಕು. ಅದಕ್ಕೇ ಇನ್ನೂ ಜಾಸ್ತಿ ಚುಚ್ಚಿತು.

ನನ್ನ ಕ್ಲಾಸಿನಲ್ಲಿ ಒಬ್ಬ ಪಂಜಾಬಿ ಅಣ್ಣ ಇದ್ದರು. ಈ ಕಡೆ, ಕ್ರೆಮೋನಾ ಕಡೆ, ಹಸು ಸಾಕುವ ದೊಡ್ಡ ದೊಡ್ಡ ಫಾರ್ಮುಗಳಲ್ಲಿ ಹಾಲು ಕರೆಯುವವರಲ್ಲಿ ಪಂಜಾಬಿಗಳು ಬಹಳ. ಅವರ ಇಟಾಲಿಯನ್ ಪುಸ್ತಕದ್ದಲ್ಲ, ಕೊಟ್ಟಿಗೆಯಲ್ಲಿ ಕಲಿತದ್ದು. ಯಜಮಾನನ ಬಾಯಿಂದ ಕೇಳಿದ ಬ್ರೆಶಾ ಉಪಭಾಷೆ ಅರ್ಧಕ್ಕರ್ಧ ಸೇರಿಕೊಂಡಿತ್ತು, ಟೀಚರಿಗೇ ಕೆಲವು ಪದ ಗೊತ್ತಾಗದೆ ನಗುತ್ತಿದ್ದರು. ಅವರಿಗೆ ಬಂದ ದಿನದಿಂದ ಎಲ್ಲರೂ ತೂ ಅಂದಿದ್ದರು, ಹಾಗಾಗಿ ಅವರೂ ಎಲ್ಲರಿಗೂ ತೂ. ಡಾಕ್ಟರಿಗೂ ತೂ, ಪೊಲೀಸಿಗೂ ತೂ. ಎದುರಿನವರ ಮುಖ ಯಾಕೆ ಗಂಟಿಕ್ಕುತ್ತದೆ ಅಂತ ವರ್ಷಗಟ್ಟಲೆ ಗೊತ್ತಾಗಿರಲಿಲ್ಲ. ಕ್ಲಾಸಿನಲ್ಲಿ ಲೇಯಿ ಪಾಠ ಬಂದ ದಿನ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ ಹಿಂದಿಯಲ್ಲಿ ಅಂದರು: ನಮ್ಮಲ್ಲೂ ತೂ ಅಂದರೆ ತೂನೇ, ದೊಡ್ಡವರಿಗೆ ತುಸೀ ಅಂತೀವಿ, ಇವರ ಹತ್ತಿರವೂ ಒಂದು ತುಸೀ ಇದೆ ಅಂತ ಒಬ್ಬನೂ ಹೇಳಲಿಲ್ಲವಲ್ಲ ನನಗೆ.

ಹಾಗಂತ ತೂ ಅಂದಾಗಲೆಲ್ಲ ಅವಮಾನ ಅಂದುಕೊಳ್ಳಬೇಡಿ. ಸಹೋದ್ಯೋಗಿಗಳು ಮೊದಲ ದಿನವೇ ತೂ ಅನ್ನುತ್ತಾರೆ, ಅದು ಸ್ನೇಹ. ಹತ್ತಿರವಾದ ಮೇಲೆ "ತೂ ಅಂತಲೇ ಮಾತಾಡೋಣ" ಅಂತ ಬಾಯಿಬಿಟ್ಟು ಕೇಳುವ ಪದ್ಧತಿಯೂ ಇದೆ. ಅಪರಿಚಿತ ಗುಮಾಸ್ತ ತೂ ಅಂದರೆ ನಾನೀಗ ನಿಧಾನವಾಗಿ, ಸ್ಪಷ್ಟವಾಗಿ ಲೇಯಿಯಲ್ಲೇ ಉತ್ತರ ಕೊಡುತ್ತೇನೆ. ಎರಡನೇ ವಾಕ್ಯಕ್ಕೆ ಹೆಚ್ಚಿನವರು ತಾವೂ ಲೇಯಿಗೆ ಬರುತ್ತಾರೆ. ಕೋಪ ಮಾಡಿಕೊಂಡು ಇಂಗ್ಲಿಷಿಗೆ ಜಿಗಿದಿದ್ದರೆ ಇದು ಆಗುತ್ತಿರಲಿಲ್ಲ.

ಇನ್ನೊಂದು ತಮಾಷೆ. ಇಲ್ಲಿನ ಫಾರಂಗಳಿಗೆಲ್ಲ ಮನೆತನದ ಹೆಸರು ಬೇಕು, ನಮಗೆಲ್ಲಿದೆ? ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಆ ಜಾಗದಲ್ಲಿತ್ತು. ಕೋದಿಚೆ ಫಿಸ್ಕಾಲೆ ಅಂತ ಹದಿನಾರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ ಕೊಡುತ್ತಾರೆ, ಅದು ಶುರುವಾಗೋದೇ ಮನೆತನದ ಹೆಸರಿನ ಮೂರು ಅಕ್ಷರದಿಂದ. ಊರಲ್ಲಿ ಅಪ್ಪನ ಹೆಸರನ್ನು ಜೋರಾಗಿ ಹೇಳಲೂ ಹಿಂಜರಿಯುವ ನಾನು, ಇಲ್ಲಿ ಆಸ್ಪತ್ರೆಯಲ್ಲಿ ಅಪ್ಪನ ಹೆಸರು ಕೂಗಿದರೆ ಎದ್ದು ನಿಲ್ಲುತ್ತೇನೆ.

ಮನೆಯಲ್ಲಿ ಕನ್ನಡವೇ. "ಪೆರ್ಮೆಸ್ಸೊ ಬಂತಾ?", "ಬೂಸ್ತಾ ಪಾಗಾ ಎಲ್ಲಿಟ್ಟೆ?" (ಸಂಬಳದ ಚೀಟಿ) ಅನ್ನುವುದನ್ನು ಕನ್ನಡ ಅಂತ ಒಪ್ಪಿಕೊಳ್ಳುವುದಾದರೆ. ಮಗಳಿಗೆ ಆರು ವರ್ಷ, ಇಲ್ಲೇ ಹುಟ್ಟಿದವಳು. ಇಟಾಲಿಯನ್ ಮಕ್ಕಳು ಅಜ್ಜ-ಅಜ್ಜಿಗೆ ಸಲುಗೆಯಿಂದ ತೂ ಅನ್ನುತ್ತಾರೆ. ಹೋದ ಭಾನುವಾರ ವಿಡಿಯೊ ಕಾಲ್‌ನಲ್ಲಿ ಇವಳು ನಮ್ಮ ಅಪ್ಪನಿಗೆ, "ತಾತ, ನೀನು ತಿಂಡಿ ತಿಂದ್ಯಾ?" ಅಂದಳು. ನಮ್ಮ ಮನೆಯಲ್ಲಿ ಅವರಿಗೆ ಯಾರೂ ನೀನು ಅಂದವರಿಲ್ಲ. ಪಕ್ಕದಲ್ಲಿದ್ದ ಅಮ್ಮ ನನ್ನನ್ನು ಬೈದರು. ಅಪ್ಪ ನಕ್ಕು, ತಿಂದೆ ಕಣಮ್ಮ, ನೀವು ತಿಂದ್ರಾ ಅಂತ ಕೇಳಿದರು.